ಗಾಲಿಯೊಳಗಿನ ಗಾಳಿ

ಊರು ಬಿಟ್ಟು ಬೇರೆ ಊರಿನಲ್ಲಿ ಸಂಸಾರ ಹೂಡುವವನಿಗೆ ಮೊದಲ ವರ್ಷದೊಳಗೆ ಮೂವರು ನಂಬಿಗಸ್ತರು ಸಿಕ್ಕಬೇಕು: ಹಾಲಿನವನು, ಡಾಕ್ಟರು ಮತ್ತು ಮೆಕ್ಯಾನಿಕ್ಕು. ಹಾಲಿನವನಿಗೆ ಬೆರಳು ತೋರಿಸಿದರೆ ಲೀಟರು ಗೊತ್ತಾಗುತ್ತದೆ. ಡಾಕ್ಟರ ಹತ್ತಿರ ಇಂಗ್ಲಿಷು ನಡೆಯುತ್ತದೆ, ಅದೂ ಬಾರದಿದ್ದರೆ ನೋಯುವ ಜಾಗ ಮುಟ್ಟಿ ತೋರಿಸಬಹುದು. ಕಷ್ಟ ಇರುವುದು ಮೆಕ್ಯಾನಿಕ್ಕಿನ ಹತ್ತಿರ. ಕಾರಿಗೆ ಏನಾಗಿದೆ ಎಂದು ಕಾರು ಹೇಳುವುದಿಲ್ಲ, ನಾವೇ ಹೇಳಬೇಕು. 'ಒಂಥರಾ ಕಿರ್ ಅಂತದೆ', 'ಮೆತ್ತಗಾಗಿದೆ', 'ಎಳೀತಾ ಇಲ್ಲ' – ಇಂಥ ಮಾತುಗಳಿಗೆ ಯಾವ ನಿಘಂಟಿನಲ್ಲೂ ಸರಿಜೋಡಿ ಸಿಗುವುದಿಲ್ಲ. ಅವು ನಾಲಿಗೆಗೆ ಬರುವ ಹೊತ್ತಿಗೆ ಕೈಯಿಂದ ಸಾಕಷ್ಟು ದುಡ್ಡು ಹೋಗಿರುತ್ತದೆ.

ಕನ್ನಡದವರಿಗೆ ತೆಲುಗು ಏನು ಮಹಾ ಕಷ್ಟ ಎಂದು ಊರಲ್ಲಿ ಕೂತವರು ಕೇಳುತ್ತಾರೆ. ಲಿಪಿಯ ಮಟ್ಟಿಗೆ ಅದು ನಿಜ. ರೈಲು ಇಳಿದ ದಿನವೇ ಅಂಗಡಿಗಳ ಬೋರ್ಡು ಓದಿಬಿಡಬಹುದು. ಪೂರ್ತಿ ಅರ್ಥವಾಗದ ಮಾತು ಬಂದರೆ ನಾವು ಎರಡನೇ ಸಲ ಕೇಳುತ್ತೇವೆ, ಅದರಿಂದ ಅಪಾಯವಿಲ್ಲ. ಅರ್ಥವಾದ ಹಾಗೇ ಕಾಣಿಸುವ ಮಾತುಗಳದ್ದೇ ಪೇಚು. ತೆಲುಗಿನ 'ಮಾಟ' ನಮ್ಮ ಮಾತು. ಪಕ್ಕದ ಮನೆಯ ಗೃಹಸ್ಥರು ಸಂಜೆ ಹೊತ್ತು ಗೇಟಿನ ಹತ್ತಿರ ಬಂದು 'ಒಕ ಮಾಟಂಡಿ' ಎಂದರೆ ಹೆದರುವುದು ಬೇಡ, ಅವರು ನೀರಿನ ಟ್ಯಾಂಕರಿನ ವಿಷಯ ಮಾತಾಡಲು ಬಂದಿರುತ್ತಾರೆ. 'ಎದ್ದು' ಎಂದರೆ ಎತ್ತು. 'ಪೆದ್ದ' ಎಂದರೆ ದೊಡ್ಡವನು, ಹಿರಿಯ. 'ತೊಕ್ಕು' ಎಂದರೆ ಕಾಲಿನಿಂದ ತುಳಿ. ಇನ್ನು 'ಗಾಲಿ' ಎಂದರೆ ಗಾಳಿ. ನಮ್ಮ ಗಾಲಿಗೆ ಅವರು ಚಕ್ರಂ ಅನ್ನುತ್ತಾರೆ. ಈ ಕೊನೆಯ ಮೂರು ಶಬ್ದಗಳೂ ಒಂದೇ ದಿನ ಒಂದೇ ಶೆಡ್ಡಿನಲ್ಲಿ ನಮ್ಮ ಅಮ್ಮನಿಗೆ ಎದುರಾದವು. ಅದಕ್ಕೆ ಬರುವ ಮೊದಲು ವಿಶಾಖಪಟ್ಟಣದ ಕತೆ ಹೇಳಬೇಕು.

ಬ್ಯಾಂಕಿನ ವರ್ಗಾವಣೆಯ ಮೇಲೆ ನಾನು ವಿಶಾಖಪಟ್ಟಣಕ್ಕೆ ಬಂದದ್ದು 2003ರಲ್ಲಿ. ತೀರ್ಥಹಳ್ಳಿ ಕಡೆಯವನಿಗೆ ಮಳೆ ಗೊತ್ತು, ಸಮುದ್ರ ಗೊತ್ತಿಲ್ಲ. ಎಂ.ವಿ.ಪಿ. ಕಾಲೊನಿಯ ನಮ್ಮ ಮನೆಯಿಂದ ಬೀಚಿಗೆ ನಡೆದು ಹೋಗಬಹುದಿತ್ತು. ಆ ಸುಖಕ್ಕೆ ತೆರಬೇಕಾದ ಕಂದಾಯ ಉಪ್ಪುಗಾಳಿ. ಕಿಟಕಿಯ ಸರಳು, ಬಾಗಿಲ ಚಿಲಕ, ಗ್ಯಾಸ್ ಸ್ಟವ್ವಿನ ಕಾಲು, ಯಾವುದನ್ನೂ ಅದು ಬಿಡುವುದಿಲ್ಲ. ಎರಡನೇ ಕೈಯಲ್ಲಿ ಕೊಂಡ ನಮ್ಮ ಸಣ್ಣ ಬಿಳಿ ಕಾರನ್ನೂ ಬಿಡಲಿಲ್ಲ. 2005ರ ಕೊನೆಗೆ ಮುಂದಿನ ಎರಡು ಚಕ್ರದ ಬ್ರೇಕೂ ಹಿಡಿದ ಹಾಗೇ ಇದ್ದು, ಬಿಡಲು ಸತಾಯಿಸತೊಡಗಿದವು. ಗ್ಯಾರೇಜಿಗೆ ಕೊಟ್ಟೆ. ಗ್ಯಾರೇಜಿನ ಹೆಸರು ಇಲ್ಲಿ ಬೇಡ. ಅವರು ಎರಡೂ ಕಡೆಯ ಕ್ಯಾಲಿಪರ್ ಬಿಚ್ಚಿ, ತುಕ್ಕು ತೆಗೆದು, ಒಳಗಿನ ರಬ್ಬರ್ ಸೀಲು ಬದಲಾಯಿಸಿ, ಹೊಸ ಪ್ಯಾಡ್ ಹಾಕಿ ಕೊಟ್ಟರು. ಪೆಡಲ್ ಸ್ವಲ್ಪ ಆಳಕ್ಕೆ ಹೋಗುತ್ತದಲ್ಲ ಎಂದು ಕೇಳಿದ್ದಕ್ಕೆ, 'ಕೊತ್ತ ಪ್ಯಾಡ್ಸ್ ಸಾರ್, ಸೆಟ್ ಅವ್ವಾಲಿ' ಎಂದರು. ಹೊಸ ಪ್ಯಾಡು ಕೂರಲು ನಾಲ್ಕು ದಿನ ಬೇಕಾಗುವುದು ಸುಳ್ಳಲ್ಲ. ನಮ್ಮ ರಸ್ತೆಯ ಸುತ್ತ ಎರಡು ದಿನ ಓಡಿಸಿದಾಗ ಕಾರು ಸರಿಯಾಗಿಯೇ ನಿಲ್ಲುತ್ತಿತ್ತು.

ಆ ಸಂಕ್ರಾಂತಿಗೆ ಅಮ್ಮ ಬಂದಿದ್ದಳು. ಅವಳಿಗೆ ಸಿಂಹಾಚಲ ನೋಡಬೇಕಿತ್ತು. ವರಾಹ ನರಸಿಂಹನ ಮೂರ್ತಿಯನ್ನು ವರ್ಷವಿಡೀ ಗಂಧದಲ್ಲಿ ಮುಚ್ಚಿಟ್ಟು, ಅಕ್ಷಯ ತದಿಗೆಯ ಒಂದು ದಿನ ಮಾತ್ರ ನಿಜರೂಪ ತೋರಿಸುವ ಕ್ಷೇತ್ರ ಅದು. ಬೆಟ್ಟದ ಮೇಲೆ ಅಮ್ಮನಿಗೆ ನಾನೊಂದು ಇತಿಹಾಸದ ಪಾಠ ಮಾಡಿದೆ. ಕಳಿಂಗದ ಗಜಪತಿಯ ಮೇಲೆ ದಂಡೆತ್ತಿ ಬಂದ ಕೃಷ್ಣದೇವರಾಯ 1516ರಲ್ಲಿ ಒಮ್ಮೆ, 1519ರಲ್ಲಿ ಇನ್ನೊಮ್ಮೆ ಇಲ್ಲಿಗೆ ಬಂದು ಆಭರಣಗಳನ್ನು ಒಪ್ಪಿಸಿ ಶಾಸನ ಬರೆಸಿದ್ದಾನೆ. ಅದಕ್ಕೆ ಮೊದಲು ವಿಜಯವಾಡದ ಹತ್ತಿರದ ಕೊಂಡಪಲ್ಲಿ ಕೋಟೆ ಗೆದ್ದಿದ್ದ. 'ಕನ್ನಡ ರಾಜ್ಯ ರಮಾರಮಣ' ಎಂಬ ಬಿರುದು ಹೊತ್ತು ಬಂದವನು ಕಾವ್ಯ ಬರೆದದ್ದು ತೆಲುಗಿನಲ್ಲಿ. 'ಅವನಿಗೂ ಟ್ರಾನ್ಸ್‌ಫರ್ ಆಗಿತ್ತು ಅನ್ನು' ಎಂದಳು ಅಮ್ಮ. ಬ್ಯಾಂಕ್ ನೌಕರನ ತಾಯಿಗೆ ಇತಿಹಾಸ ಅರ್ಥವಾಗುವುದು ಹೀಗೆ.

ಇಳಿಯುವಾಗ ಮೂರು ತಿರುವು ಸರಿ ಹೋಯಿತು. ನಾಲ್ಕನೆಯದರ ಹತ್ತಿರ ಬ್ರೇಕ್ ಒತ್ತಿದೆ. ಪೆಡಲ್ ನೆನೆಹಾಕಿದ ಅವಲಕ್ಕಿಯ ಮೇಲೆ ಕಾಲಿಟ್ಟ ಹಾಗೆ ಮೆತ್ತಗೆ ಒಳಗೆ ಹೋಯಿತು. ಎದುರಿಗೆ ಒಂದು ಬಸ್ಸು ಹತ್ತಿ ಬರುತ್ತಿತ್ತು. ಕಾಲನ್ನು ಎತ್ತಿ ಮತ್ತೆ ಒತ್ತಿದೆ, ಮತ್ತೆ ಒತ್ತಿದೆ. ಮೂರನೆಯ ಸಲಕ್ಕೆ ಎಲ್ಲೋ ಒಂದಿಷ್ಟು ಗಟ್ಟಿ ಸಿಕ್ಕಿತು. ಗೇರು ಎರಡಕ್ಕೆ, ಆಮೇಲೆ ಒಂದಕ್ಕೆ ಇಳಿಸಿದೆ, ಎಂಜಿನ್ನು ಗೋಳಾಡಿತು. ಹ್ಯಾಂಡ್ ಬ್ರೇಕನ್ನು ಸ್ವಲ್ಪ ಸ್ವಲ್ಪವೇ ಎಳೆದು ಕಾರನ್ನು ಬೆಟ್ಟದ ಗೋಡೆಯ ಬದಿಗೆ ಒರಗಿದಂತೆ ನಿಲ್ಲಿಸಿದೆ. ಬಸ್ಸು ನಮ್ಮ ಪಕ್ಕದಲ್ಲೇ ಹಾದು ಹೋಯಿತು. ಅಮ್ಮ ಪ್ರಸಾದದ ಬುಟ್ಟಿಯನ್ನು ಎರಡೂ ಕೈಯಲ್ಲಿ ಹಿಡಿದಿದ್ದಳು. ಒಂದು ಮಾತೂ ಆಡಲಿಲ್ಲ. ಅರ್ಧ ಗಂಟೆ ಬಿಟ್ಟು, ಒಂದನೇ ಗೇರಿನಲ್ಲಿ ಇರುವೆಯಂತೆ ಇಳಿದೆವು. ಮನೆ ಮುಟ್ಟಿದ ಮೇಲೆ ಅವಳು ಹೇಳಿದ್ದು ಇಷ್ಟೇ: 'ನಾಳೆಯಿಂದ ನನ್ನನ್ನು ಇದರಲ್ಲಿ ಕೂರಿಸಬೇಡ. ನೀನೂ ಕೂರಬೇಡ.' ಹೋಗಬೇಕೆಂದಿದ್ದ ದಿನಕ್ಕಿಂತ ಒಂದು ವಾರ ಮೊದಲೇ ರೈಲು ಹತ್ತಿದಳು.

ಏನಾಗಿರಬಹುದು ಎಂಬುದು ಕಾರಿನ ವಿಷಯ ತಿಳಿದವರಿಗೆ ಹೊಳೆದಿರುತ್ತದೆ. ತಿಳಿಯದವರಿಗಾಗಿ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಕಾರಿನ ಬ್ರೇಕಿನಲ್ಲಿ ಕಾಲಿಗೂ ಚಕ್ರಕ್ಕೂ ನಡುವೆ ಕಬ್ಬಿಣದ ಸರಳಿಲ್ಲ, ಎಣ್ಣೆಯಿದೆ. ನಾವು ಪೆಡಲ್ ತುಳಿದರೆ ಮಾಸ್ಟರ್ ಸಿಲಿಂಡರಿನ ಪಿಸ್ಟನ್ ಎಣ್ಣೆಯನ್ನು ಒತ್ತುತ್ತದೆ. ದ್ರವವನ್ನು ಹಿಸುಕಿ ಕುಗ್ಗಿಸಲು ಆಗುವುದಿಲ್ಲವಾದ್ದರಿಂದ ಆ ಒತ್ತಡ ಕೊಳವೆಯುದ್ದಕ್ಕೂ ಹಾಗೇ ಹೋಗಿ ನಾಲ್ಕೂ ಚಕ್ರದ ಪ್ಯಾಡು, ಲೈನರುಗಳನ್ನು ಒತ್ತುತ್ತದೆ. ಹೈಸ್ಕೂಲಿನಲ್ಲಿ ಓದಿದ ಪಾಸ್ಕಲನ ನಿಯಮ ಇದೇ. ಇದನ್ನು ಕಾರಿಗೆ ಅಳವಡಿಸಲು ಅಮೆರಿಕದ ಮಾಲ್ಕಮ್ ಲಾಕ್‌ಹೀಡ್ 1917ರಲ್ಲಿ ಪೇಟೆಂಟ್ ಪಡೆದ. 1921ರಲ್ಲಿ ಡ್ಯೂಸೆನ್‌ಬರ್ಗ್ ಎಂಬ ಕಾರಿನ ನಾಲ್ಕು ಚಕ್ರಕ್ಕೂ ಅದು ಬಂತು.

ಈ ಎಣ್ಣೆಯ ದಾರಿಯಲ್ಲಿ ಗಾಳಿ ಸೇರಿಕೊಂಡರೆ ಕೆಲಸ ಕೆಟ್ಟಿತು. ಗಾಳಿ ಕುಗ್ಗುತ್ತದೆ. ಮಾಸ್ಟರ್ ಸಿಲಿಂಡರಿನ ಅಡ್ಡಗಲ 20 ಮಿಲಿಮೀಟರ್ ಎಂದು ಇಟ್ಟುಕೊಳ್ಳಿ. ಒಂದೇ ಒಂದು ಸಿ.ಸಿ. ಗಾಳಿ, ಅಂದರೆ ಒಂದು ಸಣ್ಣ ಗುಳ್ಳೆ, ಪೂರ್ತಿ ಕುಗ್ಗಲು ಪಿಸ್ಟನ್ನು 3 ಮಿಲಿಮೀಟರಿನಷ್ಟು ಸುಮ್ಮನೆ ಓಡಬೇಕು. ಪೆಡಲಿನ ಸನ್ನೆಯ ಲೆಕ್ಕ ಸೇರಿದರೆ ಅದು ಪಾದದಡಿಯಲ್ಲಿ ಒಂದು ಸೆಂಟಿಮೀಟರಿಗೂ ಮೀರುತ್ತದೆ. ಪೆಡಲಿಗೆ ಇರುವ ಓಟವೇ ಕಡಿಮೆ, ಅದರಲ್ಲಿ ಇಷ್ಟು ಹೋದರೆ ಉಳಿಯುವುದೇನು? ಬ್ರೇಕ್ ಎಣ್ಣೆಗೆ ಇನ್ನೊಂದು ಗುಣವಿದೆ. ಅದು ಗಾಳಿಯಲ್ಲಿರುವ ತೇವವನ್ನು ಹೀರಿಕೊಳ್ಳುತ್ತದೆ. ಡಬ್ಬಿಯ ಮೇಲೆ ಡಾಟ್ 3 ಎಂದು ಬರೆದಿರುವ ಎಣ್ಣೆ ಹೊಸದಿದ್ದಾಗ ಕನಿಷ್ಠ 205 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು. ನೂರಕ್ಕೆ ಮೂರೂಮುಕ್ಕಾಲು ಪಾಲಿನಷ್ಟು ನೀರು ಸೇರಿದ ಮೇಲೆ ಆ ಮಿತಿ 140ಕ್ಕೆ ಇಳಿಯುತ್ತದೆ. ಡಾಟ್ 4ರಲ್ಲಿ 230 ಇದ್ದದ್ದು 155 ಆಗುತ್ತದೆ. ಕಡಲತೀರದ ಊರಿನಲ್ಲಿ ತೇವಕ್ಕೆ ಬರವಿಲ್ಲ. ಘಟ್ಟ ಇಳಿಯುವಾಗ ಮತ್ತೆ ಮತ್ತೆ ಒತ್ತಿದ ಬ್ರೇಕು ಕಾಯುತ್ತದೆ, ಎಣ್ಣೆಯೊಳಗಿನ ನೀರು ಆವಿಯಾಗುತ್ತದೆ, ಇದ್ದ ಗುಳ್ಳೆಯ ಜೊತೆಗೆ ಹೊಸ ಗುಳ್ಳೆಗಳು ಸೇರುತ್ತವೆ. ರಸ್ತೆಯ ಮೇಲೆ ಸರಿಯಿದ್ದ ಪೆಡಲ್ ಬೆಟ್ಟದ ಮೇಲೆ ಕೈಕೊಡುವುದು ಅದಕ್ಕೇ. ಆವತ್ತು ನಮ್ಮನ್ನು ಉಳಿಸಿದ ಹ್ಯಾಂಡ್ ಬ್ರೇಕಿಗೆ ಎಣ್ಣೆಯ ಹಂಗಿಲ್ಲ, ಅದು ಕೇಬಲ್ಲಿನಿಂದ ಎಳೆಯುವಂಥದ್ದು.

ಗ್ಯಾರೇಜಿನವರು ಬಂದು ಕಾರನ್ನು ಒಯ್ದರು. ಗಾಳಿ ತೆಗೆದೆವು ಎಂದು ಕೊಟ್ಟರು. ಒತ್ತಿ ನೋಡಿದರೆ ಮೆತ್ತಗೆ. ಮತ್ತೆ ಒಯ್ದರು, ಮತ್ತೆ ತೆಗೆದರು. ಮೆತ್ತಗೆ. ಮಾಸ್ಟರ್ ಸಿಲಿಂಡರೇ ಹೋಗಿದೆ ಎಂದು ಹೊಸದು ಹಾಕಿದರು, ಅದರ ಬಿಲ್ಲು ನನ್ನ ಅರ್ಧ ತಿಂಗಳ ಮನೆಬಾಡಿಗೆಯಷ್ಟಿತ್ತು. ಆದರೂ ಮೆತ್ತಗೆ. 'ಈ ಕಾರಿನ ಪೆಡಲ್ ಇರೋದೇ ಹಾಗೆ ಸಾರ್' ಎಂಬಲ್ಲಿಗೆ ಮಾತು ಬಂದು ನಿಂತಿತು. ಪರವೂರಿನ ಕಷ್ಟ ಇಲ್ಲಿದೆ ನೋಡಿ. ನಮ್ಮೂರಾಗಿದ್ದರೆ ಇನ್ನೊಬ್ಬರ ಹತ್ತಿರ ತೋರಿಸು ಎನ್ನಲು ಸೋದರಮಾವ ಇರುತ್ತಿದ್ದ, ಆ ಇನ್ನೊಬ್ಬ ಯಾರ ಮಗ ಎಂದು ಹೇಳಲು ಅಂಗಡಿಯವರಿರುತ್ತಿದ್ದರು. ಇಲ್ಲಿ ಎದುರಿಗೆ ನಿಂತವನು ಗೊತ್ತಿಲ್ಲದೆ ಹೇಳುತ್ತಿದ್ದಾನೋ, ಗೊತ್ತಿದ್ದು ಹೇಳುತ್ತಿದ್ದಾನೋ ಎಂಬುದು ಅವನ ಮಾತಿನ ಧಾಟಿಯಿಂದ ಗೊತ್ತಾಗಬೇಕು. ನಮಗೆ ಗೊತ್ತಾಗುವುದು ಶಬ್ದಗಳು, ಧಾಟಿಯಲ್ಲ. ನಾನು ಕಾರಿಗೆ ಹೊದಿಕೆ ಹಾಕಿ ಸಿಟಿ ಬಸ್ಸು ಹಿಡಿದೆ.

2006ರ ಜೂನಿನಲ್ಲಿ ವಿಜಯವಾಡಕ್ಕೆ ವರ್ಗವಾಯಿತು. ಸುಮಾರು 350 ಕಿಲೋಮೀಟರು ದಾರಿ. ಆಗ 5ನೇ ನಂಬರು, ಈಗ 16ನೇ ನಂಬರಿನ ಹೆದ್ದಾರಿಯಲ್ಲಿ ಅಂಥ ಬ್ರೇಕಿನ ಕಾರನ್ನು ಓಡಿಸಿಕೊಂಡು ಹೋಗುವ ಮಾತೇ ಇರಲಿಲ್ಲ. ಮಂಚ, ಬೀರು, ಫ್ರಿಜ್ಜಿನ ಜೊತೆಗೆ ಅದೂ ಲಾರಿ ಏರಿತು. ಮನೆ ಹೂಡಿಕೊಡಲು ಮತ್ತೆ ಬಂದಿದ್ದ ಅಮ್ಮನೂ ನಾನೂ ರತ್ನಾಚಲ್ ಎಕ್ಸ್‌ಪ್ರೆಸ್ಸಿನಲ್ಲಿ ಮಧ್ಯಾಹ್ನ ಹೊರಟು, ಗೋದಾವರಿ ದಾಟಿ, ಸಂಜೆಗೆ ಕೃಷ್ಣೆಯ ಊರು ಮುಟ್ಟಿದೆವು. ವಿಜಯವಾಡದ ಹಳೆಯ ಹೆಸರು ಬೆಜವಾಡ. ಬೇಸಿಗೆಯಲ್ಲಿ ಅಲ್ಲಿಯವರೇ ಅದನ್ನು ಬ್ಲೇಜ್‌ವಾಡ ಎಂದು ಬೈದುಕೊಳ್ಳುತ್ತಾರೆ. ಜೂನ್ ಬಂದರೂ ನೆಲ ಕಾದ ಹಂಚು. ಅಮ್ಮ ಕನಕದುರ್ಗೆಯ ಗುಡಿಗೆ ಹೋಗಬೇಕೆಂದಳು, ಆಟೋದಲ್ಲಿ ಕರೆದುಕೊಂಡು ಹೋದೆ. ಇಂದ್ರಕೀಲಾದ್ರಿಯ ಮೇಲಿಂದ ಪ್ರಕಾಶಂ ಬ್ಯಾರೇಜನ್ನು ನೋಡುತ್ತ 'ಆ ಕಾರು ಮಾರಿಬಿಡು' ಎಂದಳು. ಹಾಗೆ ಮಾರಿದರೆ ಕೊಂಡವನ ಮನೆಯಲ್ಲೂ ಒಬ್ಬ ಅಮ್ಮ ಇರುತ್ತಾಳಲ್ಲ ಎಂದೆ. ಅದಕ್ಕೆ ಅವಳು ಉತ್ತರ ಕೊಡಲಿಲ್ಲ.

ವಿಜಯವಾಡದಲ್ಲಿ ಆಟೋ ನಗರ ಎಂಬುದೊಂದಿದೆ. ಪೂರ್ತಿ ಹೆಸರು ಜವಾಹರ್ ಆಟೋ ನಗರ್. 1960ರ ದಶಕದಲ್ಲಿ ಊರೊಳಗಿನ ಲಾರಿ ರಿಪೇರಿಯವರನ್ನೆಲ್ಲ ಒಂದು ಕಡೆ ಸೇರಿಸಿ ಕಟ್ಟಿದ್ದು. ಅದನ್ನು ನೋಡಿದರೆ ನಮ್ಮ ಕಲಾಸಿಪಾಳ್ಯ ನೆನಪಾಗುತ್ತದೆ, ಆದರೆ ಇದು ಒಂದು ಊರೇ. ಲಾರಿಯ ಬಾಡಿ ಕಟ್ಟುವವರ ಬೀದಿ, ಪಟ್ಟಾ ಬಡಿಯುವವರು, ರೇಡಿಯೇಟರಿನವರು, ಹಳೇ ಗೇರ್‌ಬಾಕ್ಸು ರಾಶಿ ಹಾಕಿಕೊಂಡು ಕೂತವರು, ಹೆಸರು ಬಣ್ಣ ಬರೆಯುವವರು. ಬ್ಯಾಂಕಿನ ಸಾಲದ ಕೆಲಸದ ಮೇಲೆ ಅಲ್ಲಿಗೆ ಓಡಾಡುತ್ತಿದ್ದಾಗ ಹತ್ತು ಜನರನ್ನು ಕೇಳಿದೆ. ಹತ್ತರಲ್ಲಿ ಏಳು ಜನ ಒಂದೇ ಶೆಡ್ಡು ತೋರಿಸಿ 'ಪೆದ್ದಾಯನ ದಗ್ಗರಿಕಿ ವೆಳ್ಳಂಡಿ' ಎಂದರು. ಪೆದ್ದಾಯನ, ಅಂದರೆ ಹಿರಿಯರು. ಮನೆಗೆ ಬಂದು ಹೇಳಿದಾಗ ಅಮ್ಮ ಹುಬ್ಬೇರಿಸಿದಳು. 'ಊರಿಗೆಲ್ಲ ಪೆದ್ದ ಅಂತ ಗೊತ್ತಿದ್ದೂ ಅವನ ಹತ್ರ ಹೋಗ್ತೀಯಲ್ಲೋ?'

ಅನುಮಾನ ತೀರದೆ ಅವಳೂ ಜೊತೆಗೆ ಬಂದಳು. ಕಾರನ್ನು ಹಗ್ಗ ಕಟ್ಟಿ ಎಳೆದು ತರಿಸಿದ್ದೆ. ಪೆದ್ದಾಯನ ಎಪ್ಪತ್ತರ ಹತ್ತಿರದವರು, ಲುಂಗಿ, ಬನಿಯನ್ನು, ಕಿವಿಯ ಮೇಲೆ ಒಂದು ಪೆನ್ಸಿಲ್ಲು. ಅಮ್ಮನಿಗೆ 'ಕೂರ್ಚೋಂಡಮ್ಮಾ' ಎಂದು ಸ್ಟೂಲು ಹಾಕಿಸಿ ಗೋಲಿ ಸೋಡಾ ತರಿಸಿದರು. ಆಮೇಲೆ ತಾವೇ ಕಾರಿನೊಳಗೆ ಕೂತು ಕಣ್ಣು ಮುಚ್ಚಿಕೊಂಡು ಪೆಡಲ್ ಒತ್ತಿದರು. ನಿಧಾನಕ್ಕೆ ಒಂದು ಸಲ, ಬೇಗ ಬೇಗ ನಾಲ್ಕು ಸಲ, ಆಮೇಲೆ ಒತ್ತಿ ಹಿಡಿದುಕೊಂಡು ಸುಮ್ಮನೆ ಕೂತರು. ಇಳಿದು ಬಂದು ಹೇಳಿದ್ದು ನನಗೆ ಇವತ್ತಿಗೂ ಪಾಠ. ಒತ್ತಿ ಹಿಡಿದಾಗ ಪೆಡಲ್ ನಿಧಾನವಾಗಿ ಜಾರುತ್ತಾ ಹೋದರೆ ಎಣ್ಣೆ ಸೋರುತ್ತಿದೆ, ಇಲ್ಲವೇ ಮಾಸ್ಟರ್ ಸಿಲಿಂಡರು ಹೋಗಿದೆ. ಆಳಕ್ಕೆ ಹೋಗಿ ಅಲ್ಲಿ ಕಲ್ಲಿನಂತೆ ನಿಂತರೆ ಹಿಂದಿನ ಡ್ರಮ್ಮಿನ ಲೈನರ್ ಸವೆದಿದೆ ಅಥವಾ ಬಿಗಿ ಮಾಡಬೇಕಿದೆ. ಸ್ಪಂಜಿನಂತೆ ಇದ್ದು, ಬೇಗ ಬೇಗ ತುಳಿದರೆ ಮೇಲಕ್ಕೆ ಬಂದು ಗಟ್ಟಿಯಾದರೆ ಒಳಗೆ ಗಾಳಿ ಇದೆ. 'ಗಾಲಿ ಉಂದಿ. ಗಾಲಿ ತೀಯಾಲಿ' ಎಂದರು. ಗಾಳಿಯಿದೆ, ತೆಗೆಯಬೇಕು.

'ಗಾಲಿ ಯಾಕೆ ತೆಗೀಬೇಕಂತೆ? ಬ್ರೇಕಲ್ವಾ ಹಾಳಾಗಿದ್ದು?' ಅಮ್ಮ ನನ್ನನ್ನು ಕೇಳಿದಳು. ಅರ್ಥ ಹೇಳುವಷ್ಟರಲ್ಲಿ ಹುಡುಗರು ಜಾಕ್ ಕೊಟ್ಟು ಮುಂದಿನ ಎರಡು ಗಾಲಿಗಳನ್ನೂ ಬಿಚ್ಚಿಯೇಬಿಟ್ಟರು. ಅವಳ ತೆಲುಗು ಸರಿಯಿದೆ ಎಂದು ಅವಳಿಗೆ ಖಾತ್ರಿಯಾಯಿತು.

ಮೂರು ಸಲ ಗಾಳಿ ತೆಗೆಸಿಯಾಗಿದೆ ಎಂದು ನಾನು ಹೇಳಿದೆ. ಪೆದ್ದಾಯನ ಟಾರ್ಚು ಹಿಡಿದು ಎಡಗಡೆಯ ಕ್ಯಾಲಿಪರ್ ನೋಡಿದರು, ಬಲಗಡೆಯದು ನೋಡಿದರು, ಗಟ್ಟಿಯಾಗಿ ನಕ್ಕು ನನ್ನನ್ನು ಕರೆದರು. ಗಾಳಿ ಹೊರಬಿಡುವ ಸಣ್ಣ ಸ್ಕ್ರೂ ಒಂದಿರುತ್ತದೆ, ನಿಪ್ಪಲ್ ಅನ್ನುತ್ತಾರೆ. ಅದು ಕ್ಯಾಲಿಪರಿನ ಮೇಲ್ತುದಿಯಲ್ಲಿರಬೇಕು. ನಮ್ಮ ಕಾರಿನಲ್ಲಿ ಎರಡೂ ಕಡೆ ಕೆಳತುದಿಯಲ್ಲಿತ್ತು. ಸೀಲು ಬದಲಾಯಿಸಲು ಬಿಚ್ಚಿದ್ದವರು ಎಡದ್ದನ್ನು ಬಲಕ್ಕೆ, ಬಲದ್ದನ್ನು ಎಡಕ್ಕೆ ಕೂರಿಸಿದ್ದರು. ಅವೆರಡೂ ಕನ್ನಡಿಯಲ್ಲಿ ಕಂಡ ಹಾಗೆ ಒಂದಕ್ಕೊಂದು ಎದುರುಬದುರು. ಅದಲುಬದಲಾದರೂ ಬೋಲ್ಟು ಕೂರುತ್ತದೆ, ಪ್ಯಾಡು ಹಿಡಿಯುತ್ತದೆ, ಕಾರು ಓಡುತ್ತದೆ. ಪೆದ್ದಾಯನ ಅರ್ಧ ತುಂಬಿದ ಎಣ್ಣೆ ಬಾಟಲಿಯನ್ನು ನನ್ನ ಮುಖದ ಮುಂದೆ ತಲೆಕೆಳಗು ಮಾಡಿದರು. ಎಣ್ಣೆ ಕೆಳಕ್ಕೆ, ಗಾಳಿ ಮೇಲಕ್ಕೆ. 'ನಿಪ್ಪಲ್ ಕಿಂದ, ಗಾಲಿ ಪೈನ. ಎಲಾ ವಸ್ತುಂದಿ?' ನಿಪ್ಪಲ್ ಕೆಳಗಿದೆ, ಗಾಳಿ ಮೇಲಿದೆ, ಹೇಗೆ ಬರಬೇಕು? ಮೂರು ಸಲವೂ ಗ್ಯಾರೇಜಿನವರು ಲೀಟರುಗಟ್ಟಲೆ ಎಣ್ಣೆಯನ್ನು ಕೆಳಗಿನಿಂದ ಬಸಿದಿದ್ದರು. ಗುಳ್ಳೆ ಮೇಲಿನ ಮೂಲೆಯಲ್ಲಿ ಆರಾಮಾಗಿ ಕೂತಿತ್ತು.

ಕ್ಯಾಲಿಪರುಗಳು ತಮ್ಮ ತಮ್ಮ ಮನೆಗೆ ಹೋದವು. ಆಮೇಲೆ ನಡೆದದ್ದು ನಿಜವಾದ ಗಾಳಿ ತೆಗೆಯುವ ಕೆಲಸ. ಹಳೆಯ ಎಣ್ಣೆ ಕಾಫಿ ಡಿಕಾಕ್ಷನ್ನಿನ ಬಣ್ಣಕ್ಕೆ ತಿರುಗಿದ್ದರಿಂದ ನಾಲ್ಕೂ ಚಕ್ರದಲ್ಲಿ ಬಸಿದು ಹೊಸದು ತುಂಬಬೇಕೆಂದರು. ಮಾಸ್ಟರ್ ಸಿಲಿಂಡರಿನಿಂದ ಅತಿ ದೂರದ ಚಕ್ರ ಮೊದಲು: ಹಿಂದಿನ ಎಡ, ಹಿಂದಿನ ಬಲ, ಮುಂದಿನ ಎಡ, ಕೊನೆಗೆ ಮುಂದಿನ ಬಲ. ಕೆಲವು ಕಾರಿಗೆ ಕ್ರಮ ಬೇರೆ, ಕಾರಿನ ಪುಸ್ತಕ ಹೇಳಿದಂತೆ ಮಾಡಬೇಕು. ನಿಪ್ಪಲಿಗೆ ಪಾರದರ್ಶಕ ಟ್ಯೂಬು ಸಿಕ್ಕಿಸಿ, ಅದರ ತುದಿಯನ್ನು ಸ್ವಲ್ಪ ಎಣ್ಣೆಯಿರುವ ಬಾಟಲಿಯಲ್ಲಿ ಮುಳುಗಿಸಿಟ್ಟರು. ಹುಡುಗನೊಬ್ಬ ಡ್ರೈವರ್ ಸೀಟಿನಲ್ಲಿ ಕೂತ. ಪೆದ್ದಾಯನ ಕಾರಿನ ಬದಿಗೆ ಗೋಣಿಚೀಲ ಹಾಸಿಕೊಂಡು ಮಲಗಿದರು. 'ತೊಕ್ಕು… ತೊಕ್ಕು… ತೊಕ್ಕು… ಪಟ್ಟುಕೋ!' ಹುಡುಗ ಮೂರು ಸಲ ತುಳಿದು ಹಿಡಿದುಕೊಂಡ. ಇವರು ಸ್ಪ್ಯಾನರಿನಲ್ಲಿ ನಿಪ್ಪಲನ್ನು ಕಾಲು ಸುತ್ತು ಬಿಟ್ಟರು, ಎಣ್ಣೆ ಗುಳುಗುಳು ಬಂತು, ತಕ್ಷಣ ಬಿಗಿದರು. 'ವದುಲು.' ಬಿಡು. ನಿಪ್ಪಲ್ ಮುಚ್ಚುವ ಮೊದಲೇ ಹುಡುಗ ಕಾಲು ತೆಗೆದರೆ ಹೊರಗಿನ ಗಾಳಿ ಒಳಕ್ಕೆ ಎಳೆದುಕೊಳ್ಳುತ್ತದೆ, ಆದ್ದರಿಂದ ಇಬ್ಬರ ಮಾತೂ ಒಂದಾಗಿರಬೇಕು. ಮೇಲಿನ ಎಣ್ಣೆ ಡಬ್ಬಿ ಖಾಲಿಯಾಗದಂತೆ ಇನ್ನೊಬ್ಬ ಹುಡುಗ ಕಾಯುತ್ತಿದ್ದ. ಬಣ್ಣದ ಮೇಲೆ ಒಂದು ಹನಿ ಬಿದ್ದರೆ ಬಣ್ಣ ಕಿತ್ತು ಬರುತ್ತದೆಂದು ಬಟ್ಟೆ ಹಾಸಿದ್ದರು.

'ಕಾರಿನ ಕೆಳಗೆ ಮಲಗಿಕೊಂಡು ತೊಕ್ಕು ತೊಕ್ಕು ಅಂತ ಕೇಳ್ತಾರಲ್ಲೋ, ಊಟ ಆಗಿಲ್ವೇನೋ ಪಾಪ' ಎಂದಳು ಅಮ್ಮ. ನಾನು ಅದನ್ನು ತೆಲುಗಿಗೆ ತಿರುಗಿಸಿ ಹೇಳಿದೆ. ಶೆಡ್ಡೇ ನಕ್ಕಿತು. ಮಲಗಿದ್ದಲ್ಲಿಂದಲೇ ಪೆದ್ದಾಯನ, ಅಮ್ಮಗಾರು ಮಾಡಿಕೊಟ್ಟರೆ ಅದನ್ನೂ ತಿನ್ನುತ್ತೇನೆ ಎಂದರು. ಮುಂದಿನ ಚಕ್ರಕ್ಕೆ ಬಂದಾಗ ಟ್ಯೂಬಿನಲ್ಲಿ ದೊಡ್ಡ ಗುಳ್ಳೆಯೊಂದು ಓಡಿ ಬಾಟಲಿಯಲ್ಲಿ 'ಬುಡಕ್' ಎಂದಿತು. ಹಿಂದೆಯೇ ಇನ್ನೆರಡು. ಆರು ತಿಂಗಳು ನಮ್ಮನ್ನು ಕಾಡಿದ್ದು ಇಷ್ಟೇ.

ಎದುರಿನ ಶೆಡ್ಡಿನಲ್ಲಿ ಲಾರಿಯೊಂದು 'ಚುಸ್ಸ್' ಎಂದು ಬ್ರೇಕು ಬಿಟ್ಟಿತು. ಅದೇನು ಎಂದು ಅಮ್ಮ ಕೇಳಿದಳು. ದೊಡ್ಡ ಲಾರಿ, ಬಸ್ಸುಗಳ ಬ್ರೇಕು ಗಾಳಿಯಿಂದಲೇ ನಡೆಯುವುದು, ಕಂಪ್ರೆಸರು ಒತ್ತಿ ತುಂಬಿದ ಗಾಳಿ ಎಂದೆ. 'ಹಾಗಾದರೆ ಅವರಿಗೆ ಗಾಳಿ ಬೇಕು, ನಮಗೆ ಬೇಡ' ಎಂದು ತಾನೇ ತೀರ್ಪು ಕೊಟ್ಟುಕೊಂಡಳು. ಇದಕ್ಕಿಂತ ಸರಿಯಾಗಿ ನನಗೂ ಹೇಳಲು ಬರುವುದಿಲ್ಲ.

ಎಣ್ಣೆಯ ದುಡ್ಡು ಸೇರಿ 350 ರೂಪಾಯಿ ತೆಗೆದುಕೊಂಡರು. ದುಡ್ಡು ಕೈಗೆ ಬಂದ ಮೇಲೂ ಅಮ್ಮ ಸ್ಟೂಲಿನಿಂದ ಏಳಲಿಲ್ಲ. ಪೆದ್ದಾಯನಿಗೆ ಅದು ಹೇಗೋ ಅರ್ಥವಾಯಿತು. ಅಮ್ಮನನ್ನೇ ಕರೆದು ಡ್ರೈವರ್ ಸೀಟಿನಲ್ಲಿ ಕೂರಿಸಿ, ಪೆಡಲ್ ತೋರಿಸಿ, 'ಮೀರೇ ತೊಕ್ಕಂಡಮ್ಮಾ' ಎಂದರು. ಅರವತ್ತೆಂಟು ವರ್ಷದ ಅವಳು ಚಪ್ಪಲಿ ಬಿಟ್ಟು, ದೇವರ ಮನೆಯ ಹೊಸ್ತಿಲು ದಾಟುವವಳ ಹಾಗೆ ಬಲಗಾಲಿಟ್ಟು ಒತ್ತಿದಳು. ಎರಡು ಬೆರಳಿನಷ್ಟು ಹೋಗಿ ಪೆಡಲ್ ನಿಂತಿತು. ಇನ್ನೂ ಬಲವಾಗಿ ಒತ್ತಿದಳು. ಅಲ್ಲಾಡಲಿಲ್ಲ. 'ಗಟ್ಟಿ ಇದೆ' ಎಂದು ಕನ್ನಡದಲ್ಲೇ ಹೇಳಿದಳು. 'ಗಟ್ಟಿಗಾ ಉಂದಿ' ಎಂದು ಅವರು ತೆಲುಗಿನಲ್ಲಿ ಹೇಳಿದರು. ಈ ಒಂದು ಶಬ್ದಕ್ಕೆ ಅನುವಾದ ಬೇಕಾಗಲಿಲ್ಲ. ಅಮ್ಮ ಹಿಂದಿನ ಸೀಟಿಗೆ ಹೋಗಿ ಕೂತಳು.

ಈಗಿನ ಕಾರುಗಳ ಸಂಗತಿ ಬೇರೆ. 2019ರ ಏಪ್ರಿಲಿನಿಂದ ನಮ್ಮ ದೇಶದಲ್ಲಿ ಹೊಸ ಕಾರಿಗೆಲ್ಲ ಎ.ಬಿ.ಎಸ್. ಕಡ್ಡಾಯವಾಗಿದೆ. ಅದರ ಪೆಟ್ಟಿಗೆಯೊಳಗೆ ಗಾಳಿ ಸಿಕ್ಕಿಕೊಂಡರೆ ಬರೀ 'ತೊಕ್ಕು' ಎಂದರೆ ಆಗದು, ಕಂಪ್ಯೂಟರಿಗೆ ಜೋಡಿಸಿ ಒಳಗಿನ ಪಂಪು, ವಾಲ್ವುಗಳನ್ನು ಓಡಿಸಬೇಕಾಗುತ್ತದೆ. ಆದರೂ ಗಾಳಿ ಮೇಲಕ್ಕೇ ಹೋಗುತ್ತದೆ, ಎಣ್ಣೆ ಈಗಲೂ ತೇವ ಹೀರುತ್ತದೆ. ಎರಡು ವರ್ಷಕ್ಕೊಮ್ಮೆ ಬದಲಾಯಿಸಿದರೆ ಒಳ್ಳೆಯದು.

ಆಂಧ್ರದ ಕಡೆಗೆ ವರ್ಗವಾಗಿ ಬರುವ ನಮ್ಮ ಹುಡುಗರು ಫೋನು ಮಾಡಿ ಮನೆ ಬಾಡಿಗೆ, ಸ್ಕೂಲು, ಅಕ್ಕಿ ಎಲ್ಲಿ ಚೆನ್ನಾಗಿ ಸಿಗುತ್ತದೆ ಎಂದು ಕೇಳುತ್ತಾರೆ. ಅದೆಲ್ಲ ಹೇಳಿದ ಮೇಲೆ ನಾನು ಒಂದು ಚೀಟಿಯಲ್ಲಿ ಬರೆದುಕೊಳ್ಳಲು ಹೇಳುತ್ತೇನೆ. ಗಾಲಿ ಎಂದರೆ ಗಾಳಿ. ಪೈನ ಎಂದರೆ ಮೇಲೆ, ಕಿಂದ ಎಂದರೆ ಕೆಳಗೆ. ತೊಕ್ಕು ಎಂದರೆ ತುಳಿ, ವದುಲು ಎಂದರೆ ಬಿಡು. ಗ್ಯಾರೇಜಿನಿಂದ ಕಾರು ತರುವ ಮೊದಲು ನಿಂತಲ್ಲೇ ಪೆಡಲ್ ಒತ್ತಿ ಹಿಡಿದು ಮನಸ್ಸಿನಲ್ಲಿ ಮೂವತ್ತು ಎಣಿಸಿ. ಮೆತ್ತಗಿದ್ದರೆ ಅಲ್ಲಿಂದ ಕದಲಬೇಡಿ. ಯಾರಾದರೂ ಪೆದ್ದಾಯನ ಹತ್ತಿರ ಹೋಗಿ ಎಂದರೆ ಮರುಮಾತಿಲ್ಲದೆ ಹೋಗಿ.